ಬಸ್ಸಿನ ದಾರಿಯ ಬೆಂಡೆಗಿಡ

ಆ ಬೀದಿಯ ಮನೆಗಳ ಮುಂದೆಲ್ಲ ಒಪ್ಪವಾಗಿ ಕತ್ತರಿಸಿದ ಹುಲ್ಲುಹಾಸು. ಟೈಲರಕ್ಕನ ಮನೆಯ ಮುಂದೂ ಇತ್ತು. ಒಂದು ಬೆಳಿಗ್ಗೆ ಅವಳು ಗುದ್ದಲಿ ಹಿಡಿದು ಅದನ್ನು ಬುಡಸಮೇತ ಎಬ್ಬಿಸಿ, ಚಾಪೆ ಸುತ್ತಿದಂತೆ ಸುತ್ತಿ ಮೂಲೆಗೆ ಎಸೆದಳು. ಕನ್ನಡಕದ ಅಂಗಡಿ ಇಟ್ಟಿದ್ದ ಅವಳ ಗಂಡ ಬಾಗಿಲಲ್ಲಿ ನಿಂತು ಕಣ್ಣುಕಣ್ಣು ಬಿಟ್ಟ.

"ಹಿತ್ತಲು ಅಷ್ಟು ಖಾಲಿ ಬಿದ್ದಿದೆ ಕಣೇ. ತರಕಾರಿ ಬೇಕಂದ್ರೆ ಅಲ್ಲಿ ಬೆಳಿ. ಇಲ್ಲೇ ಯಾಕೆ, ಬೀದಿಯವರ ಬಾಯಿಗೆ ಬೀಳೋಕೆ?"

"ಹಿತ್ತಲಿಗೆ ಬಿಸಿಲು ಸಾಲಲ್ಲ," ಎಂದಳು.

ಬಿಸಿಲು ಅಲ್ಲೂ ಧಾರಾಳವಾಗಿತ್ತು. ಆದರೆ ಹಿತ್ತಲ ಕಡೆಗೆ ಬಸ್ಸು ಹೋಗುತ್ತಿರಲಿಲ್ಲ.

ಆ ಬಸ್ಸು ಓಡಿಸುತ್ತಿದ್ದವಳು ಅವಳ ತಂಗಿ. ಅಮ್ಮ ತೀರಿಕೊಂಡ ದಿನ, ಮನೆ ತುಂಬ ಜನರಿರುವಾಗಲೇ, ಅಕ್ಕನ ನಾಲಿಗೆ ಜಾರಿತ್ತು. "ಊರವರನ್ನೆಲ್ಲ ಹೊತ್ಕೊಂಡು ತಿರುಗ್ತೀಯ. ಅಮ್ಮನ್ನ ಒಂದಿನ ಆಸ್ಪತ್ರೆಗೆ ಕರ್ಕೊಂಡು ಹೋಗೋಕೆ ನಿಂಗಾಗ್ಲಿಲ್ಲ." ತಂಗಿ ಚಪ್ಪಲಿ ಮೆಟ್ಟಿ ಹೊರಟುಹೋದಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅಕ್ಕ ಫೋನು ಮಾಡಿದಳು, ಹೋಗಿ ಕದ ತಟ್ಟಿದಳು. ಒಳಗೆ ದೀಪವಿತ್ತು, ಕದ ತೆರೆಯಲಿಲ್ಲ. ಹೀಗೇ ವರ್ಷಗಳು ಕಳೆದ ಮೇಲೆ ಡಿಪೋದವರು ತಂಗಿಯನ್ನು ಇದೇ ಮಾರ್ಗಕ್ಕೆ ಹಾಕಿದರು. ದಿನಾ ಮನೆ ಮುಂದೆಯೇ ಹಾದುಹೋಗುತ್ತಿದ್ದಳು, ಕತ್ತು ಮಾತ್ರ ಈ ಕಡೆ ತಿರುಗುತ್ತಿರಲಿಲ್ಲ.

ಅವಳು ತಿರುಗಿ ನೋಡುವಂಥದ್ದು ಏನಿದೆ ಎಂದು ಯೋಚಿಸಿದಾಗ ಟೈಲರಕ್ಕನಿಗೆ ಹೊಳೆದದ್ದು ಬೆಂಡೆಗಿಡ. ಚಿಕ್ಕಂದಿನಲ್ಲಿ ಇಬ್ಬರೂ ಎಳೆಕಾಯಿಗಳನ್ನು ಗಿಡದಿಂದಲೇ ಕಿತ್ತು ಹಸಿಯಾಗಿ ತಿಂದುಬಿಡುತ್ತಿದ್ದರು. ಅಡುಗೆಗೆ ಬಲಿತವಷ್ಟೇ ಉಳಿಯುತ್ತಿದ್ದವು. "ಅಳಿಲು ತಿಂದಿರ್ಬೇಕಮ್ಮ" ಎಂದರೆ ಅಮ್ಮ, "ಹೌದೌದು, ಎರಡು ಜಡೆ ಅಳಿಲುಗಳು" ಎನ್ನುತ್ತಿದ್ದಳು.

ಬೆಂಡೆ ಬೇಲಿಗಿಂತ ಎತ್ತರ ಬೆಳೆಯಿತು. ನಡುವೆ ಟೊಮೆಟೊ, ಪಕ್ಕದಲ್ಲಿ ಬೀನ್ಸ್ ಬಳ್ಳಿ. "ಮನೆ ಮುಂದೆ ಸಂತೆ ಇಟ್ಕೊಂಡಿದೀರಾ?" ಎಂದು ಪಕ್ಕದ ಮನೆಯ ಮೇಷ್ಟ್ರು ಮೂಗು ಮುರಿದರು, ಟೊಮೆಟೊ ಕೊಟ್ಟ ಮೇಲೆ ಸುಮ್ಮನಾದರು. ಟೈಲರಕ್ಕ ಹೊಲಿಗೆ ಯಂತ್ರವನ್ನು ಕಿಟಕಿಗೆ ಎಳೆದುಕೊಂಡಳು. ಬಸ್ಸಿನ ಸದ್ದಾದರೆ ಪೆಡಲಿನ ಮೇಲಿನ ಕಾಲು ತಾನಾಗಿ ನಿಲ್ಲುತ್ತಿತ್ತು. ಹಾಗೆ ನೋಡುತ್ತಲೇ ಒಬ್ಬರ ಅಂಗಿಗೆ ತೋಳನ್ನು ತಿರುಗಾಮುರುಗಾ ಹಚ್ಚಿ, ಮತ್ತೆ ಬಿಚ್ಚಿದಳು. ಬೇಲಿ ಪಕ್ಕದ ಕಾಯಿಗಳನ್ನು ಮಾತ್ರ ಕೀಳುತ್ತಿರಲಿಲ್ಲ. ಕಾಣಲಿ ಎಂದು.

ಒಂದು ಮಧ್ಯಾಹ್ನ ಸ್ಟಾಪಿಲ್ಲದ ಕಡೆ, ಅವಳ ಗೇಟಿನ ಎದುರಿಗೇ, ಬಸ್ಸು ನಿಂತಿತು. ಡ್ರೈವರಿನ ಕಿಟಕಿಯಿಂದ ದನಿ ಬಂತು.

"ಅಕ್ಕಾ! ಬೆಂಡೆ ಬಲಿತುಹೋಗ್ತಿದೆ. ಕಿತ್ಕೋಬಾರ್ದಾ?"

ಟೈಲರಕ್ಕ ಕತ್ತರಿ ಬಿಸಾಕಿ ಓಡಿದಳು. ಗೇಟು ಮುಟ್ಟುವಷ್ಟರಲ್ಲಿ ಬಸ್ಸು ತಿರುವು ದಾಟಿತ್ತು. ಅವಳು ಅಲ್ಲೇ ನಿಂತು, 'ಅಕ್ಕಾ' ಎಂದದ್ದನ್ನು ಮನಸ್ಸಿನಲ್ಲಿ ಮತ್ತೆ ಮತ್ತೆ ಕೇಳಿಸಿಕೊಂಡಳು.

ಮರುದಿನ ಎಳೆಕಾಯಿ ಆರಿಸಿ, ಚೀಲ ತುಂಬಿ ಸ್ಟಾಪಿನಲ್ಲಿ ಕಾದಳು. ಬಂದ ಬಸ್ಸಿನಲ್ಲಿ ಬೇರೆ ಡ್ರೈವರು. ತಂಗಿ ಎಲ್ಲಿ ಎಂದು ಕೇಳಿದಳು.

"ಈ ರೂಟಲ್ಲಿ ಅವರಿಗೆ ನಿನ್ನೆಯೇ ಕೊನೇ ದಿನ ಆಗಿತ್ತಮ್ಮ. ಈಗ ಸ್ಟೇಷನ್ ಕಡೆ ಓಡಿಸ್ತಾರೆ."

ಟೈಲರಕ್ಕ ಚೀಲವನ್ನು ಅವನ ಕಿಟಕಿಗೆ ಎತ್ತಿ ಹಿಡಿದಳು. "ಇದನ್ನ ಡಿಪೋದಲ್ಲಿ ಅವಳಿಗೆ ಕೊಡ್ತೀರಾ?"

"ಯಾರು ಕೊಟ್ರು ಅನ್ಲಿ?"

"ಏನೂ ಹೇಳ್ಬೇಡಿ."

ಮೂರು ದಿನದ ಮೇಲೆ ಖಾಲಿ ಚೀಲ ವಾಪಸು ಬಂತು, ಒಗೆದು ಮಡಚಿ.

"ಏನಾದ್ರೂ ಹೇಳಿದ್ಲಾ?"

"ಬದನೆ ಹಾಕಿಲ್ವಾ ಅಂತ ಕೇಳಿದ್ರು."

ಟೈಲರಕ್ಕ ಅವತ್ತು ಅಂಗಿಗಳನ್ನೆಲ್ಲ ಪಕ್ಕಕ್ಕೆ ಸರಿಸಿ ಬದನೆ ಸಸಿ ತರಲು ಹೋದಳು.

ಈಗ ಚೀಲ ವಾರವಾರ ಹೋಗುತ್ತದೆ, ಬರುತ್ತದೆ. ತಂಗಿ ಇನ್ನೂ ಬಂದಿಲ್ಲ. ಗಿಡಗಳ ನಡುವೆ ಬಗ್ಗಿದ್ದಾಗ ಬಸ್ಸಿನ ಸದ್ದಾದರೆ ಟೈಲರಕ್ಕ ಥಟ್ಟನೆ ತಲೆಯೆತ್ತುತ್ತಾಳೆ. ಹೊಸ ಡ್ರೈವರು, ಪಾಪ, ತನ್ನನ್ನೇ ನೋಡಿದಳೆಂದುಕೊಂಡು ಕೈಬೀಸುತ್ತಾನೆ.