ಎಣಿಕೆ ಅಕ್ಕ ಮತ್ತು ನೀಲಿ ದೀಪಗಳ ಪಂದ್ಯ

ಹಲ್ಲಿನ ಕುಳಿಗೆ ತುಂಬುವ ಬಿಳಿ ಪದಾರ್ಥವನ್ನು ಜನ ಸಿಮೆಂಟು ಎನ್ನುತ್ತಾರೆ. ನೀಲಿ ಬೆಳಕು ಬೀಳುವವರೆಗೆ ಅದು ಮೆತ್ತಗೇ ಇರುತ್ತದೆ. ನಮ್ಮ ಬೀದಿಯ ದಂತವೈದ್ಯರಲ್ಲಿ ಆ ಬೆಳಕು ಹಿಡಿಯುವವಳು ಎಣಿಕೆ ಅಕ್ಕ. ಹೊತ್ತು ಮುಗಿಯಿತೆಂದು ಕೂಗುವ, ಹಳೆಯ ಹ್ಯಾಲೊಜೆನ್ ದೀಪದ ಪೀಪಿ ಕೆಟ್ಟಂದಿನಿಂದ ಸೆಕೆಂಡುಗಳನ್ನು ಅವಳೇ ಬಾಯಲ್ಲಿ ಎಣಿಸುತ್ತಿದ್ದಳು. ಹೆಸರು ಬಂದದ್ದು ಹಾಗೆ. ಅವಳ ಎಣಿಕೆ ಮುಗಿಯುವವರೆಗೆ ಎಂಥ ಪುಕ್ಕಲನೂ ಬಾಯಿ ಮುಚ್ಚುತ್ತಿರಲಿಲ್ಲ.

ಡಾಕ್ಟರಮ್ಮ ಹೊಸ ಎಲ್‌ಇಡಿ ದೀಪ ತಂದ ದಿನ ಅಕ್ಕನ ಮುಖ ಸಪ್ಪಗಾಯಿತು. ಅದು ಹಳೆಯದರ ಹಾಗೆ ಫ್ಯಾನಿನಂತೆ ಗೊರಗುಟ್ಟುವುದಿಲ್ಲ. ಹೊತ್ತನ್ನೂ ತಾನೇ ಲೆಕ್ಕ ಹಾಕಿ 'ಪೀಪ್' ಎನ್ನುತ್ತದೆ. ಇನ್ನು ರೋಗಿಯ ಕುರ್ಚಿಯ ಪಕ್ಕ ತನಗೆ ಜಾಗವಿಲ್ಲ, ಉಪಕರಣ ತೊಳೆಯುವ ಸಿಂಕೇ ಗತಿ ಎಂದು ಅವಳಿಗೆ ಹೊಳೆಯಿತು.

"ಹೊಸದೆಲ್ಲ ಒಳ್ಳೇದಾ? ಎರಡನ್ನೂ ಪರೀಕ್ಷೆ ಮಾಡೋಣ ಡಾಕ್ಟ್ರೇ," ಎಂದಳು.

ಡಾಕ್ಟರಮ್ಮ ಒಪ್ಪಿದರು. ಸ್ಟ್ರಾದ ಎರಡು ತುಂಡುಗಳಿಗೆ ಸಿಮೆಂಟು ತುಂಬಿ, ಮೇಲಿನಿಂದ ಒಂದೊಂದಕ್ಕೆ ಒಂದೊಂದು ದೀಪ ಹಿಡಿದು, ಕೆಳಗೆ ಮೆತ್ತಗೆ ಉಳಿದದ್ದನ್ನು ಕೆರೆದುಹಾಕಿದರು. ಗಟ್ಟಿ ಭಾಗ ಯಾವುದರಲ್ಲಿ ಉದ್ದವೋ ಆ ದೀಪ ಗೆದ್ದಂತೆ. ಅಳತೆ ಒಂದೇ ಇರಲೆಂದು ಎರಡಕ್ಕೂ ಎಣಿಸಿದ್ದು ಅಕ್ಕ. ಹಳೆಯದೇ ಗೆದ್ದಿತು.

ಹಲ್ಲು ತುಂಬಿಸಿಕೊಳ್ಳಲು ಬಂದು ಕುಳಿತಿದ್ದ ಡಾಕ್ಟರಮ್ಮನ ಅತ್ತೆ ಕನ್ನಡಕ ಸರಿಮಾಡಿಕೊಂಡರು.

"ಹಳೇದಕ್ಕೆ ಬಸುರಿ ಮೆಟ್ಟಿಲು ಹತ್ತಿದ ಹಾಗೆ ಎಣಿಸಿದೆ, ಹೊಸದಕ್ಕೆ ನಾಯಿ ಅಟ್ಟಿಸ್ಕೊಂಡು ಬಂದ ಹಾಗೆ. ನನ್ನ ಕಿವಿ ಇನ್ನೂ ಕೆಟ್ಟಿಲ್ಲ ಕಣೇ."

"ಗಂಟಲು ಒಣಗಿತ್ತು ಅಮ್ಮಾ."

"ಹಳೇದಕ್ಕೆ ಮಾತ್ರ ಒಣಗೋ ಗಂಟಲು."

ಗೋಡೆ ಗಡಿಯಾರ ನೋಡಿ ಮತ್ತೆ ಮಾಡಿದಾಗ ಹೊಸದು ಸಲೀಸಾಗಿ ಗೆದ್ದಿತು. ಹಳೆಯ ಬಲ್ಬು ಯಾರಿಗೂ ತಿಳಿಯದಂತೆ ಮಂಕಾಗುತ್ತ ಬಂದಿತ್ತು. ಅಕ್ಕ ಸಿಂಕಿನ ಕಡೆ ನಡೆದಳು.

ಹೊಸ ದೀಪದ ಮೊದಲ ಗಿರಾಕಿ ಅತ್ತೆಯೇ. ಅರ್ಧ ಹೊತ್ತು ಕಳೆಯಿತೆಂದು ತಿಳಿಸಲು ದೀಪ 'ಪೀಪ್' ಎಂದಿತು. ಮುಗಿಯಿತೆಂದುಕೊಂಡ ಅತ್ತೆ ಟಪ್ಪನೆ ಬಾಯಿ ಮುಚ್ಚಿದರು. ದೀಪದ ತುದಿ ಹಲ್ಲಿಗೆ ಸಿಕ್ಕಿತು, ಸಿಮೆಂಟಿಗೆಲ್ಲ ಎಂಜಲಾಯಿತು. ಕೆರೆದು ಮತ್ತೆ ತುಂಬಿದರು. ಎರಡನೆಯ ಸಲವೂ ಅದೇ ಕತೆ.

"ಅದು ಪೀಪ್ ಅಂತು, ನಾನು ಮುಚ್ಚಿದೆ. ನನ್ನದೇನು ತಪ್ಪು?" ಎಂದರು ಅತ್ತೆ.

ಡಾಕ್ಟರಮ್ಮ ನಿಟ್ಟುಸಿರಿಟ್ಟು ಸಿಂಕಿನತ್ತ ತಿರುಗಿದರು. "ಬನ್ನಿ ಅಕ್ಕಾ, ಎಣಿಸಿ. ಗಡಿಯಾರ ನೋಡ್ಕೊಂಡು."

ಅಕ್ಕ ಕೈ ಒರೆಸಿಕೊಂಡು ಬಂದಳು. ಗಡಿಯಾರದಿಂದ ಕಣ್ಣು ಕೀಳದೆ, ಕೂದಲೆಳೆಯಷ್ಟೂ ಹೆಚ್ಚುಕಮ್ಮಿಯಿಲ್ಲದೆ ಎಣಿಸಿದಳು. "ಇನ್ನು ಬಾಯಿ ಮುಚ್ಚಬಹುದು ಅಮ್ಮಾ" ಎನ್ನುವುದಕ್ಕೆ ಮಾತ್ರ ಸ್ವಲ್ಪ ಹೊತ್ತು ತೆಗೆದುಕೊಂಡಳು.