ಎತ್ತಿಕೊಡದ ಸಾಲು

ನೀಲಾ ರಂಗದ ಮೇಲೆ ಮಾತು ಮರೆತು ನಿಂತಾಗ ನಾನು ಎತ್ತಿಕೊಡಲಿಲ್ಲ. ಅವಳು ಮರೆತದ್ದು ನನಗೆ ಗೊತ್ತಾಗಿತ್ತು, ಸಾಲು ನನ್ನ ನಾಲಿಗೆಯ ಮೇಲೆಯೇ ಇತ್ತು — ಆದರೂ ಕೊಡಲಿಲ್ಲ. ಆಮೇಲೆ, ಕೊಟ್ಟೆ ಎಂದು ಸುಳ್ಳು ಹೇಳಿದೆ. ಇಷ್ಟು ವರ್ಷ ಅವಳು ನಂಬಿಕೊಂಡು ಬಂದದ್ದು ಆ ಸುಳ್ಳನ್ನು.

ನಮ್ಮದು ಜೆ.ಪಿ. ನಗರದ ಒಂದು ಹವ್ಯಾಸಿ ನಾಟಕ ತಂಡ. ಭಾನುವಾರ ಶಾಲೆಯೊಂದರ ಸಭಾಂಗಣದಲ್ಲಿ ತಾಲೀಮು. ಬ್ಯಾಂಕಿನಿಂದ ನಿವೃತ್ತರಾದ ಮುರಳಿ ಅಂಕಲ್ ನಿರ್ದೇಶಕರು. ನಾನು ಪ್ರಾಂಪ್ಟರ್ — ಸೈಡ್‌ವಿಂಗ್‌ನಲ್ಲಿ ಸ್ಕ್ರಿಪ್ಟ್ ಹಿಡಿದು ಕುಳಿತು, ಮಾತು ಮರೆತವರಿಗೆ ಪಿಸುದನಿಯಲ್ಲಿ ಎತ್ತಿಕೊಡುವವಳು. ಆ ಕೆಲಸದ ಬಗ್ಗೆ ನನಗೆ ಹೆಮ್ಮೆಯಿತ್ತು, ಅದನ್ನು ಮುಚ್ಚಿಡುವುದಿಲ್ಲ. ನಮ್ಮಲ್ಲೊಂದು ಪದ್ಧತಿ: ಮಾತು ಬೇಕಾದವರು ಕೈಯ ಬಳೆಯನ್ನೋ ವಾಚನ್ನೋ ಒಮ್ಮೆ ತಿರುಗಿಸಬೇಕು. ಅದು ಕಂಡರೆ ಮಾತ್ರ ನಾನು ಬಾಯಿ ತೆರೆಯಬೇಕು; ಇಲ್ಲದಿದ್ದರೆ ನಟರು ಬೇಕೆಂದೇ ತೆಗೆದುಕೊಂಡ ಮೌನ ಕೆಟ್ಟುಹೋಗುತ್ತದೆ. ನನ್ನ ದನಿ ನಟರಿಗೆ ಕೇಳಿಸದೆ ಹೋದದ್ದಿಲ್ಲ, ಪ್ರೇಕ್ಷಕರಿಗೆ ಕೇಳಿಸಿದ್ದೂ ಇಲ್ಲ. "ಒಳಗೆ ನೀನು ಕೂತಿದ್ರೆ ನಮಗೆ ಧೈರ್ಯ ಕಣಮ್ಮ," ಎನ್ನುತ್ತಿದ್ದರು ಅಂಕಲ್.

ನನಗೆ ಹೊರಗೆ, ಬೆಳಕಿನಲ್ಲಿ ನಿಲ್ಲುವ ಆಸೆಯೂ ಇತ್ತು. ಯಾರಿಗೂ ಹೇಳಿರಲಿಲ್ಲ. ಹೇಳದ ಆಸೆಯನ್ನು ಯಾರೂ ಊಹಿಸಲಿಲ್ಲವೆಂದು ಒಳಗೊಳಗೇ ಮುನಿಸಿಕೊಳ್ಳುವುದು ನನಗೆ ಚೆನ್ನಾಗಿ ಬರುತ್ತಿತ್ತು.

ನೀಲಾ ಗದಗದವಳು. ಬಿ.ಟಿ.ಎಂ.ನಲ್ಲಿ ಬಾಡಿಗೆ ಮನೆ, ವಿಮಾ ಕಚೇರಿಯೊಂದರಲ್ಲಿ ಕೆಲಸ. ತಂಡಕ್ಕೆ ಬಂದ ಮೊದಲ ವರ್ಷವೇ ಅವಳಿಗೆ ಮುಖ್ಯ ಪಾತ್ರ. ಬರೆದ ಮಾತುಗಳನ್ನು ತನ್ನ ಊರಿನ ಮಾತಿಗೆ ತಿರುಗಿಸಿಕೊಳ್ಳುತ್ತಿದ್ದಳು. ಅಂಕಲ್ ನಕ್ಕು, ಹಾಗೇ ಇರಲಿ ಎನ್ನುತ್ತಿದ್ದರು. ನಾನು ಪ್ರತಿ ಸಲ ಸ್ಕ್ರಿಪ್ಟ್ ತಿದ್ದಿಕೊಳ್ಳುತ್ತಿದ್ದೆ. "ಏ ಟೀಚರಮ್ಮ, ಒಂದ್ ಅಕ್ಷರ ತಪ್ಪಿದ್ರ ಬೆಂಚ್ ಮ್ಯಾಲೆ ನಿಂದ್ರಸ್ತೀಯೇನು?" ಎಂದು ನನ್ನನ್ನು ಕಾಡುತ್ತಿದ್ದಳು. ಪ್ರೀತಿಯಿಂದಲೇ. ಆಗ ನನಗದು ಪ್ರೀತಿಯೆಂದು ತೋರಲಿಲ್ಲ — ಆದರೆ ಇದನ್ನು ಕಾರಣವೆಂದು ಮುಂದಿಡುತ್ತಿಲ್ಲ.

ಪ್ರದರ್ಶನದ ದಿನ, ಎರಡನೇ ಅಂಕ. ಗಂಡನ ಪಾತ್ರ ಮಾಡುತ್ತಿದ್ದ ಕಿರಣ್ ಒಂದು ಪ್ರಶ್ನೆ ಕೇಳಿದ. ಅವಳು ಉತ್ತರಿಸಿ, ಅಲ್ಲಿಂದ ಹಾಡಿಗೆ ಹೋಗಬೇಕು — ಇಡೀ ನಾಟಕದಲ್ಲಿ ಅವಳಿಗಿದ್ದ ಒಂದೇ ಹಾಡು. ಉತ್ತರ ಬರಲಿಲ್ಲ. ಅವಳು ಬಳೆ ತಿರುಗಿಸಿದಳು. ನೋಡಿದೆ. ಮತ್ತೆ ತಿರುಗಿಸಿದಳು. ನಾನು ಬಾಯಿ ತೆರೆದದ್ದೂ ಹೌದು. ಆದರೆ — ನನ್ನ ಅಗತ್ಯ ಅವಳಿಗೆ ಎಷ್ಟಿದೆ ನೋಡೋಣ ಅನ್ನಿಸಿತು. ಒಂದು ಕ್ಷಣ, ಅಷ್ಟೇ, ಎಂದುಕೊಂಡೆ. ಪ್ರೇಕ್ಷಕರ ಮುಂದಿನ ಸಾಲಿನಲ್ಲಿ ಯಾರೋ ನಕ್ಕರು. ಕಿರಣ್ ಗಾಬರಿಯಾಗಿ ತನ್ನ ಮುಂದಿನ ಮಾತಿಗೆ ಹಾರಿದ. ಹಾಡಿನ ದೃಶ್ಯವೇ ಬಿಟ್ಟುಹೋಯಿತು.

ನಾಟಕ ಮುಗಿದ ಮೇಲೆ ಮೇಕಪ್ ಕೋಣೆಯಲ್ಲಿ, ಎಲ್ಲರೂ ಇದ್ದಾಗ, ಅವಳು ಕೇಳಿದಳು.

"ನೀ ಹೇಳಿಕೊಟ್ಟಿದ್ದಿಯೇನು?"

"ಎರಡು ಸಲ ಕೊಟ್ಟೆ. ನಿನಗೆ ಕೇಳಿಸ್ಲಿಲ್ಲ."

ಯಾರೂ ಅನುಮಾನಿಸಲಿಲ್ಲ, ನನಗೆ ಅಷ್ಟು ಒಳ್ಳೆಯ ಹೆಸರಿತ್ತು. ಅವಳೂ ಅನುಮಾನಿಸಲಿಲ್ಲ. ಭಯಕ್ಕೆ ತನ್ನ ಕಿವಿಯೇ ಮುಚ್ಚಿಹೋಯಿತೆಂದು ನಂಬಿದಳು. ಮತ್ತೆಂದೂ ಬಣ್ಣ ಹಚ್ಚಲಿಲ್ಲ.

ತಂಡವನ್ನು ಮಾತ್ರ ಬಿಡಲಿಲ್ಲ, ಹಾಡು ಕಟ್ಟತೊಡಗಿದಳು. ಈಗ ಬರುತ್ತಿರುವ ನಮ್ಮ ಸೀಸನ್ ನೋಡಿ — ಮೂರು ನಾಟಕ, ಎರಡು ಸಂಗೀತ ನಾಟಕ. ಇಷ್ಟೊಂದನ್ನು ನಮ್ಮ ತಂಡ ಹಿಂದೆಂದೂ ಹೊತ್ತುಕೊಂಡಿರಲಿಲ್ಲ. ಮಕ್ಕಳದೊಂದು ಇದೆ, ಹನುಮಂತನಗರದ ವಠಾರವೊಂದರ ನಗೆನಾಟಕ ಇದೆ. ಕೊನೆಯದು ಪುಟ್ಟೇನಹಳ್ಳಿ ಕೆರೆಯ ಕಥೆ; ಅದರ ಹಾಡುಗಳೆಲ್ಲ ನೀಲಾಳವು. ಜಯನಗರದ ನಿವೃತ್ತ ಆಂಟಿಯರೂ ಬಿ.ಟಿ.ಎಂ.ನ ಆಫೀಸು ಹುಡುಗರೂ ಒಂದೇ ಶ್ರುತಿಯಲ್ಲಿ ಆ ಹಾಡು ಎತ್ತಿಕೊಂಡಾಗ ನನ್ನ ಎದೆ ತುಂಬುತ್ತದೆ. ಇದು ನಮ್ಮದು, ಬಂದು ಕೇಳಿ ಎಂದು ದಾರಿಹೋಕರನ್ನು ನಿಲ್ಲಿಸಿ ಹೇಳಬೇಕೆನಿಸುತ್ತದೆ — ಪಕ್ಕದ ಮನೆಯವರ ಜೊತೆಗೂ ಮಾತು ಕಡಿಮೆ ಇರುವ ನನಗೆ.

ಹೋದ ಭಾನುವಾರ ಅಂಕಲ್, ಕೆರೆ ಕಾಯುವ ಹೆಂಗಸಿನ ಪಾತ್ರವನ್ನು ನೀಲಾಳೇ ಮಾಡಬೇಕೆಂದರು. ಆ ಹಾಡುಗಳು ಒಗ್ಗುವುದು ಅವಳ ದನಿಗೆ ಮಾತ್ರ; ಅದು ನಮಗೆಲ್ಲ ಗೊತ್ತು.

"ಬ್ಯಾಡ್ರಿ ಅಂಕಲ್. ಸ್ಟೇಜ್ ಹತ್ತಿದ್ರ ನನ್ನ ಕಿವಿ ಬಂದ್ ಆಗ್ತಾವ್ರಿ. ಬೇಕಾದ್ರ ಟೀಚರಮ್ಮನ್ನ ಕೇಳ್ರಿ," ಎಂದು ನಗುತ್ತ ನನ್ನ ಕಡೆ ಕೈ ತೋರಿಸಿದಳು.

ಎಲ್ಲರೂ ನಕ್ಕರು. ನಾನು ಹೌದೆಂದು ತಲೆಯಾಡಿಸಿದೆ.

ಇನ್ನು ಇದನ್ನು ಹಳೆಯ ತಪ್ಪು ಎಂದು ಕರೆಯಲಾರೆ. ಹೋದ ಭಾನುವಾರ ಮತ್ತೆ ಮಾಡಿದ್ದೇನೆ.

ಮರುದಿನ ಸಂಜೆ ಅವಳ ಕಚೇರಿಯ ಹತ್ತಿರದ ದರ್ಶಿನಿಯಲ್ಲಿ ಅವಳಿಗೆ ಹೇಳಿದೆ. ಸುತ್ತುಬಳಸಲಿಲ್ಲ. ಅವಳು ಕಾಫಿ ಲೋಟವನ್ನು ಕಟ್ಟೆಯ ಮೇಲಿಟ್ಟು ರಸ್ತೆಯ ಕಡೆ ನೋಡುತ್ತ ನಿಂತಳು. ಬೈಗುಳಕ್ಕೆ ಸಿದ್ಧಳಾಗಿ ಹೋಗಿದ್ದೆ.

"ನಾ ಕಿವಿ ಡಾಕ್ಟರ್‌ಗೆ ತೋರ್ಸ್ಕೊಂಡು ಬಂದೇನಿ, ಗೊತ್ತೇನು ನಿಂಗ?" ಎಂದಳು. ಲೋಟವನ್ನು ಮತ್ತೆ ಕೈಗೆತ್ತಿಕೊಂಡು, "ಅವತ್ತು ಎಲ್ಲಾರ ಮುಂದ ಹೇಳಿದ್ದಿ. ಇದನ್ನೂ ಎಲ್ಲಾರ ಮುಂದನ ಹೇಳು."

ಆ ಪಾತ್ರ ಮಾಡುವ ವಿಷಯವನ್ನು ಅವಳು ಎತ್ತಲಿಲ್ಲ. ನಾನೂ ಕೇಳಲಿಲ್ಲ. ಅಂದು ಹಾಗಾದದ್ದರಿಂದಲೇ ಅವಳು ಹಾಡು ಕಟ್ಟುವವಳಾದಳಲ್ಲ — ಎಂದು ನನ್ನೊಳಗೆ ಏನೋ ಸಮಾಧಾನ ಹೇಳಲು ಬರುತ್ತದೆ. ಅದಕ್ಕೆ ಎಡೆಗೊಟ್ಟಿಲ್ಲ. ಆ ಹಾಡುಗಳು ಅವಳವು; ಅವುಗಳಲ್ಲಿ ನನ್ನ ಪಾಲು ಏನೂ ಇಲ್ಲ.

ಬರುವ ಭಾನುವಾರ ಪಾತ್ರ ಹಂಚುವ ಮೊದಲು, ಎಲ್ಲರೂ ಕೂತಿರುವಾಗ, ಹೇಳುತ್ತೇನೆ. ಆಮೇಲೆ ಪ್ರಾಂಪ್ಟಿಂಗ್ ಬೇರೆಯವರ ಕೈಗೆ ಹೋದರೆ — ಹೋಗಬೇಕಾದ್ದೇ — ಅವರಿಗೆ ಕೆಲಸ ಕಲಿಸಿಕೊಟ್ಟು, ಪ್ರೇಕ್ಷಕರ ನಡುವೆ ಹೋಗಿ ಕೂರುತ್ತೇನೆ. ನೀಲಾ ಹಾಡಿದರೆ ಅಲ್ಲಿಂದ ಕೇಳುತ್ತೇನೆ. ಹಾಡದಿದ್ದರೆ, ಯಾಕೆ ಹಾಡುತ್ತಿಲ್ಲವೆಂದು ನನಗೆ ಗೊತ್ತಿರುತ್ತದೆ.