ಹಿಡಿಸೂಡಿ ಕೆಳಗಿಟ್ಟ ನಾಲ್ಕು ದಿನ

ನಮ್ಮ ಪುರಸಭೆಯಲ್ಲಿ ಸೇವೆ ಸಲ್ಲಿಸಿ ಹೆಸರು ಮಾಡಿದವರು ಹಲವರಿದ್ದಾರೆ. ಅವರ ಹೆಸರುಗಳು ಶಿಲಾನ್ಯಾಸದ ಕಲ್ಲುಗಳ ಮೇಲಿವೆ. ಹೊಳೆಬದಿಯ ಪಾರ್ಕನ್ನು ಇಪ್ಪತ್ತೊಂಬತ್ತು ವರ್ಷ ನೋಡಿಕೊಂಡು ಈ ತಿಂಗಳ ಕೊನೆಗೆ ನಿವೃತ್ತರಾಗುತ್ತಿರುವ ಶ್ರೀಮತಿ ಮೋಹಿನಿಯವರ ಹೆಸರು ಯಾವ ಕಲ್ಲಿನ ಮೇಲೂ ಇಲ್ಲ. ಆದರೆ ಬಸ್ಸಿಳಿದು ಪಾರ್ಕು ಎಲ್ಲಿ ಎಂದು ಯಾರನ್ನು ಕೇಳಿದರೂ, "ಮೋಹಿನಿಯಕ್ಕನ ಪಾರ್ಕಾ?" ಎಂಬ ಮರುಪ್ರಶ್ನೆ ಬರುತ್ತದೆ. ಉದ್ಯಾನ ಕಾಯುವವರಿಗೆ ಇದಕ್ಕಿಂತ ದೊಡ್ಡ ಪದವಿ ಬೇರೆ ಇರಲಾರದು.

ನಾರಾವಿಯಿಂದ ಮದುವೆಯಾಗಿ ಬಂದ ಮೋಹಿನಿಯವರು ದಿನಗೂಲಿಯ ಮೇಲೆ ಕೆಲಸಕ್ಕೆ ಸೇರಿ ಒಂಬತ್ತನೆಯ ವರ್ಷ ಖಾಯಂ ಆದರು. ಕೆಲಸದ ಕ್ರಮ ಮಾತ್ರ ಕೊನೆಯವರೆಗೂ ತವರುಮನೆಯ ಅಂಗಳದ್ದೇ. ಬೆಳಗಿನ ನಡಿಗೆಯವರು ಹೊರಟುಹೋದ ಮೇಲೆ ಉದ್ದ ಹಿಡಿಸೂಡಿ ಹಿಡಿದು, ಹಿಂದಹಿಂದಕ್ಕೆ ನಡೆಯುತ್ತ, ಕೆಂಪು ಮಣ್ಣಿನ ದಾರಿಯ ಮೇಲೆ ಬಿಲ್ಲಿನಂಥ ಗೆರೆಗಳು ಮೂಡುವಂತೆ ಗುಡಿಸುವರು. ಊರವರ ಹೆಜ್ಜೆ ಗುರುತೂ ಉಳಿಯದು, ತಮ್ಮದೂ ಉಳಿಯದು. ಪಕ್ಕದ ಬೀಡಿ ಕಂಪನಿಯ ಬ್ರಾಂಚಿಗೆ ಕಟ್ಟಿದ ಬೀಡಿ ಕೊಡಲು ಬರುವ ಹೆಂಗಸರು ಸರದಿ ಬರುವ ತನಕ ಕೂರಲೆಂದು ಬಾದಾಮಿ ಮರದಡಿಯ ಬೆಂಚುಗಳನ್ನು ತೊಳೆದಿಡುವರು. ಮಳೆಗೆ ಬೀಡಿ ಒದ್ದೆಯಾಗಬಾರದೆಂದು ತಮ್ಮ ಸಾಮಾನಿನ ಕೋಣೆಯನ್ನೇ ಬಿಟ್ಟುಕೊಡುವರು. ಕಚೇರಿಯ ಕೆಲಸ ಮುಗಿಯದ ಸಂಜೆಗಳಲ್ಲಿ ಸಹೋದ್ಯೋಗಿಗಳ ಮಕ್ಕಳನ್ನು ಉಯ್ಯಾಲೆಯಲ್ಲಿ ತೂಗುತ್ತ ಕಾದವರೂ ಅವರೇ. ಆ ಉಪಕಾರದ ಋಣ ಈ ಲೇಖನ ಬರೆದ ಸಹೋದ್ಯೋಗಿಯ ಮೇಲೂ ಇದೆ.

ಕಳೆದ ವರ್ಷ ಪಾರ್ಕನ್ನು ಹದಿನೈದು ವರ್ಷಕ್ಕೆ ಖಾಸಗಿಯವರಿಗೆ ವಹಿಸುವ ಪ್ರಸ್ತಾಪ ಬಂತು. ದೀಪಗಳು ಕೆಟ್ಟಿದ್ದವು, ಶೌಚಾಲಯದ ಬಾಗಿಲು ಮುರಿದಿತ್ತು. ಅವರು ಎಲ್ಲ ಸರಿಪಡಿಸಿ, ಕಾರಂಜಿ ಹಾಕಿ, ಗೇಟಿನಲ್ಲಿ ಟಿಕೆಟ್ ಇಡುವುದೆಂದು ಮಾತು. ಸಭೆಯಲ್ಲಿ ಅರ್ಧ ಜನ ಹೌದೆಂದರು, ಅವರ ಮಾತಿನಲ್ಲೂ ಹುರುಳಿತ್ತು. ಊರವರು ಪಾರ್ಕನ್ನು ನಿಜವಾಗಿ ಬಳಸುತ್ತಾರೋ ಇಲ್ಲವೋ ಎಂದು ನೋಡಿ ವರದಿ ಕೊಡಲು ಎಂಜಿನಿಯರ್ ಕುಶಾಲಪ್ಪನವರ ಸಮಿತಿ ನೇಮಕವಾಯಿತು.

ಮೋಹಿನಿಯವರಿಂದ ಮಾತ್ರ ಆಗಬಹುದಾದ ತಪ್ಪೊಂದು ಆದದ್ದು ಇಲ್ಲಿಯೇ. ದೊಡ್ಡವರು ಬರುತ್ತಾರೆಂದು ಕೇಳಿ, ಮನೆಗೆ ನೆಂಟರು ಬರುವ ದಿನದ ಹಾಗೆ, ಅವರು ಎರಡೆರಡು ಸಲ ಗುಡಿಸಿದರು. ಬೀಡಿ ಕಟ್ಟುವ ಸೇಸಮ್ಮನನ್ನು ಗೇಟಿನಲ್ಲೇ ತಡೆದು, "ಇವತ್ತೊಂದು ದಿನ ಆಚೆ ಕೂತ್ಕೊಳ್ಳಿ ಸೇಸಕ್ಕ, ಗುಡಿಸಿ ಇಟ್ಟಿದ್ದೇನೆ" ಎಂದರು. ಚರ್ಮುರಿ ಮಾರುವ ಹಸೈನಾರ್‌ನ ಗಾಡಿಯನ್ನೂ ರಸ್ತೆಯಾಚೆ ಕಳಿಸಿದರು. ಸಮಿತಿ ಬಂತು, ಫೋಟೊ ತೆಗೆಯಿತು. "ಭಾರೀ ಚಂದ ಉಂಟು" ಎಂದು ಕುಶಾಲಪ್ಪನವರು ಹೊಗಳಿಯೇ ಹೋದರು. ವಾರದ ಬಳಿಕ ವರದಿ ಹೊರಬಿತ್ತು: ದಾರಿಯಲ್ಲಿ ಒಂದೇ ಒಂದು ಹೆಜ್ಜೆ ಗುರುತು ಕಾಣಲಿಲ್ಲ, ಸಾರ್ವಜನಿಕರು ಬಳಸುತ್ತಿಲ್ಲ, ಖಾಸಗಿಯವರಿಗೆ ವಹಿಸಬಹುದು.

"ಬೀಗ ನೀವೇ ಹಾಕಿ ಕೊಟ್ಟ ಹಾಗಾಯ್ತಲ್ಲ ಮೋಹಿನಿಯಕ್ಕ," ಎಂದ ಹಸೈನಾರ್.

"ಇನ್ನು ಬೆಂಚಿನಲ್ಲಿ ಕೂತ್ಕೊಳ್ಳಲಿಕ್ಕೆ ಎಷ್ಟು ಬೀಡಿ ಹೆಚ್ಚಿಗೆ ಕಟ್ಟಬೇಕು ಮಾರಾಯ್ತಿ?" ಎಂದು ಸೇಸಮ್ಮ ನಕ್ಕರೂ, ಆ ಮಧ್ಯಾಹ್ನ ಮೋಹಿನಿಯವರಿಗೆ ಊಟ ಸೇರಲಿಲ್ಲ. ಮರುದಿನ ಅವರು ಎಂಜಿನಿಯರರ ಮೇಜಿನೆದುರು ನಿಂತರು.

"ತಪ್ಪು ನನ್ನದು ಸರ್. ಜನರನ್ನು ಆಚೆ ಕಳಿಸಿದ್ದು ನಾನೇ. ಇನ್ನೊಮ್ಮೆ ಬನ್ನಿ. ಹೇಳದೆ ಬನ್ನಿ."

"ಬರ್ತೇನೆ. ಆದ್ರೆ ನೀವು ಗುಡಿಸಿ ಇಟ್ರೆ ಪುನಃ ಅದೇ ಕಥೆ ಅಲ್ವಾ?"

ಮೋಹಿನಿಯವರು "ಗುಡಿಸುವುದಿಲ್ಲ ಸರ್" ಎಂದರು.

ಇಡೀ ಸೇವಾವಧಿಯಲ್ಲಿ ಅವರು ಮಾಡಿದ ಅತ್ಯಂತ ಕಷ್ಟದ ಕೆಲಸ ಅದು. ಮೊದಲ ದಿನ ಕೈ ಕಟ್ಟಿ ನಿಂತರು. ಎರಡನೆಯ ದಿನ ಹಿಡಿಸೂಡಿಯನ್ನು ಹಸೈನಾರ್‌ನ ಗಾಡಿಯಡಿಗೆ ತುರುಕಿ, "ನಾನು ಕೇಳಿದ್ರೂ ಕೊಡ್ಬೇಡಿ" ಎಂದರು. ಮೂರನೆಯ ದಿನ ಕೇಳಿಯೂ ಬಿಟ್ಟರು.

"ಆ ಕಡಲೆ ಸಿಪ್ಪೆ ನೋಡಿ ತಲೆ ತಿರುಗ್ತದೆ. ಅದೊಂದು ಮೂಲೆ ಮಾತ್ರ."

"ಆ ಕಡೆ ನೋಡ್ಬೇಡಿ. ಚರ್ಮುರಿ ತಿನ್ನಿ," ಎಂದು ಹಸೈನಾರ್ ಪೊಟ್ಟಣ ಕೈಗಿತ್ತ.

ನಾಲ್ಕನೆಯ ದಿನ ಕುಶಾಲಪ್ಪನವರು ಒಬ್ಬರೇ ಬಂದರು. ದಾರಿಯ ತುಂಬ ಬೂಟಿನ ಗುರುತು, ಬರಿಗಾಲಿನ ಗುರುತು, ಮಕ್ಕಳ ಸೈಕಲ್ಲಿನ ಗೆರೆ. ಉಯ್ಯಾಲೆಗಳ ಕೆಳಗೆ ಪುಟ್ಟ ಕಾಲುಗಳು ತೋಡಿದ ಗುಂಡಿ. ಬಾದಾಮಿ ಮರದಡಿ ಬೀಡಿ ನೂಲಿನ ತುಂಡುಗಳು, ಅವುಗಳ ನಡುವೆ ಸೇಸಮ್ಮ ಮತ್ತು ಏಳು ಮಂದಿ. ಎಂಜಿನಿಯರರು ಈ ಸಲ ನೆಲದ ಫೋಟೊ ತೆಗೆದರು. ಮೋಹಿನಿಯವರು ತಲೆ ಎತ್ತಲಿಲ್ಲ.

"ಇಷ್ಟು ಗಲೀಜನ್ನು ಯಾರಿಗೂ ತೋರಿಸಿದವಳಲ್ಲ ಸರ್ ನಾನು."

"ನನಗೆ ಇದೇ ಬೇಕಿತ್ತು. ಇನ್ನು ಗುಡಿಸಿ ಮೋಹಿನಿಯಕ್ಕ."

ಆ ಫೋಟೊಗಳನ್ನು ಸಭೆಯಲ್ಲಿ ಕೈಯಿಂದ ಕೈಗೆ ದಾಟಿಸಿ ನೋಡಿದ ಸದಸ್ಯರು ಪ್ರಸ್ತಾಪವನ್ನು ಕೈಬಿಟ್ಟರು. ದೀಪವನ್ನೂ ಬಾಗಿಲನ್ನೂ ಪುರಸಭೆಯೇ ಸರಿಪಡಿಸಿತು. ಗೇಟು ಮೊದಲಿನಂತೆಯೇ ತೆರೆದಿದೆ.

ನಿವೃತ್ತಿಯ ಮರುದಿನದಿಂದ ಬೆಳಗಿನ ನಡಿಗೆಗೆ ಬರುತ್ತೇನೆಂದು ಮೋಹಿನಿಯವರು ಹೇಳಿದ್ದಾರೆ. ಹೊಸದಾಗಿ ಬರುವವರಿಗೆ ಹಿಡಿಸೂಡಿ ಹಿಡಿಯುವ ಕ್ರಮ ಕಲಿಸಲಿಕ್ಕೂ ಇದೆಯಂತೆ. ಅವರಿಗೆ ದೀರ್ಘಾಯುಷ್ಯವೂ ಗಟ್ಟಿ ಮೊಣಕಾಲುಗಳೂ ಇರಲಿ. ಇಷ್ಟು ವರ್ಷ ಹಿಂದಕ್ಕೆ ನಡೆದು ತಮ್ಮ ಗುರುತನ್ನು ತಾವೇ ಅಳಿಸಿಕೊಂಡ ಆ ಪಾದಗಳು ಇನ್ನು ಮುಂದಕ್ಕೆ ನಡೆಯಲಿ. ಹೊಸಬರು ಗುಡಿಸಲು ಬರುವ ತನಕವಾದರೂ ಅವರ ಹೆಜ್ಜೆ ಆ ಕೆಂಪು ಮಣ್ಣಿನ ಮೇಲೆ ಉಳಿಯಲಿ.